ಅಂಚು ಕರಗಿದ ದೊಡ್ಡಪ್ಪ

ಬ್ಯಾಡಗಿಯ ನಮ್ಮ ಹಳೆ ಮನೆಯ ಪಡಸಾಲೆಯಲ್ಲಿ ಅಜ್ಜನ ಫೋಟೋ ಇದೆ. ತಲೆಗೆ ರುಮಾಲು, ಕೆಳಗೆ ಮೀಸೆ, ಅದರ ಕೆಳಗೆ ಕುತ್ತಿಗೆ, ಆಮೇಲೆ ಏನೂ ಇಲ್ಲ. ಹೆಗಲಿನ ಹತ್ತಿರ ಬರುತ್ತಿದ್ದಂತೆ ಅಜ್ಜ ಹಾಲಿಗೆ ಹಾಕಿದ ಬೆಲ್ಲದ ಹಾಗೆ ಕರಗುತ್ತ ಹೋಗಿ ಬಿಳಿ ಕಾಗದವಾಗಿಬಿಡುತ್ತಾನೆ. ಸಣ್ಣವನಿದ್ದಾಗ ಅದಕ್ಕೆ ಗೆದ್ದಲು ಹತ್ತಿದೆ ಎಂದೇ ತಿಳಿದಿದ್ದೆ. ಗೆದ್ದಲು ಮೀಸೆ ಮುಟ್ಟುವುದರೊಳಗೆ ಏನಾದರೂ ಮಾಡಬೇಕೆಂದು ಒಮ್ಮೆ ಚೌಕಟ್ಟಿಗೆ ಚಿಮಣಿ ಎಣ್ಣೆ ಬಳಿದು ದೊಡ್ಡಪ್ಪನ ಕೈಯಲ್ಲಿ ಹೊಡೆತ ತಿಂದೆ.

ಅದು ಗೆದ್ದಲಲ್ಲ, ಕೈಚಳಕ ಎಂದು ಎಷ್ಟೋ ವರ್ಷದ ಮೇಲೆ ಹಾವೇರಿಯ ಹಿರಿಯ ಫೋಟೋಗ್ರಾಫರರೊಬ್ಬರು ಹೇಳಿದರು. ರಟ್ಟಿನಲ್ಲಿ ಮೊಟ್ಟೆಯಾಕಾರದ ತೂತು ಕೊರೆದು, ಅದರ ಅಂಚನ್ನು ಗರಗಸದ ಹಲ್ಲಿನಂತೆ ಕತ್ತರಿಸಿ, ಡಾರ್ಕ್‌ರೂಮಿನಲ್ಲಿ ಎನ್‌ಲಾರ್ಜರ್ ಬೆಳಕಿನ ಕೆಳಗೆ ಹಿಡಿಯುತ್ತಿದ್ದರಂತೆ. ಹಿಡಿದ ಕೈ ಸುಮ್ಮನಿರಬಾರದು, ಮೊರದಲ್ಲಿ ಅಕ್ಕಿ ಆಡಿಸಿದ ಹಾಗೆ ಮೆಲ್ಲಗೆ ಅಲುಗುತ್ತಿರಬೇಕು. ನಡುವೆ ಪೂರಾ ಬೆಳಕು, ಅಂಚಿಗೆ ಅರೆಬರೆ, ಆಚೆ ಇಲ್ಲವೇ ಇಲ್ಲ. ಬೆಳಕು ತಾಗದ ಕಡೆ ಕಾಗದ ಬಿಳಿಯಾಗಿಯೇ ಉಳಿಯುತ್ತದೆ. “ಕೈ ನಿಂತ್ರ ಗೆರಿ ಬೀಳ್ತೈತ್ರಿ. ನಮ್ಮ ಗುರುಗಳಿಗೆ ವಯಸ್ಸಾದ ಮ್ಯಾಲೆ ಕೈ ನಡಗಾಕ ಹತ್ತಿದ್ವು. ಅಲ್ಲಿಂದ ಮುಂದ ಅವರ ಕೆಲಸ ಇನ್ನೂ ಚಂದ ಬರಾಕ ಹತ್ತಿತು” ಎಂದರು.

ಈ ವಿದ್ಯೆಯ ಮೊಮ್ಮಗನ ಜೊತೆ ನಾನು ಗಂಟು ಬಿದ್ದದ್ದು ದೊಡ್ಡಪ್ಪನಿಗೆ ಎಂಬತ್ತು ತುಂಬಿದಾಗ. ದೊಡ್ಡಪ್ಪ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ, ಅದಕ್ಕೇ 2011ರಲ್ಲಿ ಭೌಗೋಳಿಕ ಸೂಚ್ಯಂಕವೂ ಸಿಕ್ಕಿತು. ಆದರೆ ದೊಡ್ಡಪ್ಪ ಮಾತ್ರ ಗುಂಟೂರಿನ ತಳಿ. ಮನೆಮುಂದೆ ಫ್ಲೆಕ್ಸ್ ಹಾಕಿಸಬೇಕೆಂದು ಮಂದಿ ಸೇರಿ ತೀರ್ಮಾನಿಸಿದರು. ನೌಕರಿಯಿಂದ ನಿವೃತ್ತನಾದವನು, ಹಾವೇರಿಯಲ್ಲಿ ಖಾಲಿ ಕೂತವನು, ಮೇಲಾಗಿ ಮನೆಯಲ್ಲಿ ಕಂಪ್ಯೂಟರ್ ಇದ್ದವನು ನಾನೊಬ್ಬನೇ. ಡಿಸೈನು ನನ್ನ ಕೊರಳಿಗೆ ಬಿತ್ತು.

ಇದ್ದದ್ದರಲ್ಲಿ ಒಳ್ಳೆಯ ಫೋಟೋ ಎಂದರೆ ಯಾವುದೋ ಸನ್ಮಾನದ ದಿನ ಮಾರುಕಟ್ಟೆಯಲ್ಲಿ ತೆಗೆದದ್ದು. ಹಿಂದೆ ಆಳೆತ್ತರದ ಮೆಣಸಿನಕಾಯಿ ರಾಶಿ, ಮುಂದೆ ಹಾವೇರಿಯ ಏಲಕ್ಕಿ ಹಾರ ಹಾಕಿಕೊಂಡ ದೊಡ್ಡಪ್ಪ. ರಾಶಿಯನ್ನು ತೆಗೆದು, ಅಜ್ಜನ ಫೋಟೋದ ಹಾಗೆ ಅಂಚು ಕರಗಿಸಿ ದೊಡ್ಡಪ್ಪನನ್ನು ಮೋಡದಲ್ಲಿ ನಿಲ್ಲಿಸುವುದು ನನ್ನ ಯೋಜನೆ. ಪುಕ್ಕಟೆ ಸಿಗುವ ಗಿಂಪ್ ತಂತ್ರಾಂಶ ಇಳಿಸಿಕೊಂಡೆ. ಮೊದಲ ದಿನ ರಬ್ಬರ್ ಹಿಡಿದು ಅಳಿಸಿದೆ. ರಾಶಿಯ ಜೊತೆಗೆ ದೊಡ್ಡಪ್ಪನ ಎಡಗಿವಿಯೂ ಹೋಯಿತು. ಹೋದದ್ದು ತಿಳಿದದ್ದು ಸೇವ್ ಮಾಡಿ ಮುಚ್ಚಿದ ಮೇಲೆ.

ಸೊಸೆ ಬೆಂಗಳೂರಿನಿಂದ ಫೋನಿನಲ್ಲಿ ಬುದ್ಧಿ ಹೇಳಿದಳು: “ಮಾವಾರ, ಅಳಿಸಬ್ಯಾಡ್ರಿ, ಮಾಸ್ಕ್ ಹಾಕ್ರಿ.” ಕೊರೋನಾ ಕಾಲದ್ದು ಎರಡು ಡಬ್ಬಿ ಇನ್ನೂ ಮನೆಯಲ್ಲಿವೆ ಎಂದೆ. ಅದಲ್ಲವಂತೆ. ಚಿತ್ರದ ಮೇಲೆ ಹೊದಿಸುವ ಕಾಣದ ಅರಿವೆ ಅದು. ಅದರ ಮೇಲೆ ಕರಿ ಬಣ್ಣ ಬಳಿದರೆ ಚಿತ್ರ ಮಾಯ, ಬಿಳಿ ಬಳಿದರೆ ವಾಪಸ್. ಬೂದಿ ಬಣ್ಣ ಬಳಿದರೆ ಇದ್ದೂ ಇಲ್ಲದ ಹಾಗೆ. ಕರಿಯಿಂದ ಬಿಳಿಗೆ ಸೊನ್ನೆಯಿಂದ 255ರವರೆಗೆ 256 ಮೆಟ್ಟಿಲು, ಅಂಚು ಒಂದೊಂದೇ ಮೆಟ್ಟಿಲು ಇಳಿದರೆ ಕಣ್ಣಿಗೆ ಕರಗಿದಂತೆ ಕಾಣುತ್ತದೆ. ಮೂಲ ಚಿತ್ರಕ್ಕೆ ಮಾತ್ರ ಗಾಯವಿಲ್ಲ. ರಬ್ಬರಿನಿಂದ ಅಳಿಸುವುದು ತಲೆ ಬೋಳಿಸಿದ ಹಾಗೆ, ಮಾಸ್ಕ್ ಹಾಕುವುದು ರುಮಾಲು ಸುತ್ತಿದ ಹಾಗೆ. ಬಿಚ್ಚಿದರೆ ಕೂದಲು ಇದ್ದಲ್ಲೇ ಇರುತ್ತದೆ.

ಇಷ್ಟು ತಿಳಿದು ಉತ್ಸಾಹದಿಂದ ಕರಿ ಬಳಿದೆ. ದೊಡ್ಡಪ್ಪನ ಹೆಗಲು ಮಾಯವಾಗಲಿಲ್ಲ, ಡಾಂಬರು ಮೆತ್ತಿದಂತಾಯಿತು. ಮಾಸ್ಕಿನ ಮೇಲೆ ಕ್ಲಿಕ್ ಮಾಡದೆ ಚಿತ್ರದ ಮೇಲೇ ಬಳಿದಿದ್ದೆ. ಪಕ್ಕಪಕ್ಕದಲ್ಲೇ ಉಗುರಿನಷ್ಟು ಅಗಲದ ಎರಡು ಚೌಕ, ಒಂದು ದೊಡ್ಡಪ್ಪ, ಒಂದು ಮುಸುಕು. ಅಂಚಿನಲ್ಲಿ ಕೂದಲೆಳೆಯಂಥ ಬಿಳಿ ಗೆರೆ ಯಾವುದಕ್ಕಿದೆ ನೋಡಿಕೊಂಡು ಬಳಿಯಬೇಕು. ಅರವತ್ತು ದಾಟಿದ ಕಣ್ಣಿಗೆ ಇದೇನು ಶಿಕ್ಷೆ ಎನ್ನಿಸಿತು. ಕಂಟ್ರೋಲ್ ಝಡ್ ಇಲ್ಲದಿದ್ದರೆ ಆ ವಾರ ನಮ್ಮ ವಂಶವೇ ಮಸಿಯಾಗುತ್ತಿತ್ತು.

ಮೂರನೇ ದಿನ ದೊಡ್ಡಪ್ಪ ಚಂದಗೆ ಕರಗಿದ. ಹಿಂದೆ ಬರೀ ಬೂದು-ಬಿಳಿ ಚೌಕಳಿ. ಪಾರದರ್ಶಕ ಎಂಬುದಕ್ಕೆ ಕಂಪ್ಯೂಟರಿನ ಗುರುತು ಅದು. ಸೇವ್ ಮಾಡಿ ವಾಟ್ಸಾಪಿನಲ್ಲಿ ರಾಣೇಬೆನ್ನೂರಿನ ಫ್ಲೆಕ್ಸ್ ಅಂಗಡಿಗೆ ಕಳಿಸಿದೆ. ಐದು ನಿಮಿಷಕ್ಕೆ ಫೋನು ಬಂತು. “ಸರ್ರ, ಅಜ್ಜಾರನ್ನ ಬಿಳಿ ಡಬ್ಬಿಯೊಳಗ ಕೂಡಿಸಿ ಕಳಿಸೀರಲ್ರಿ?” ನಾನು ಕಳಿಸಿದ್ದು ಜೆಪಿಜಿ. ಅದಕ್ಕೆ ಪಾರದರ್ಶಕತೆಯ ಗಂಧಗಾಳಿಯಿಲ್ಲ, ಕರಗಿಸಿದ ಕಡೆಯೆಲ್ಲ ಸುಣ್ಣ ಬಳಿದುಕೊಂಡು ಕೂರುತ್ತದೆ. ಪಿಎನ್‌ಜಿ ಮಾಡಿ, ಅದನ್ನೂ ಫೋಟೋ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಬೇಕಂತೆ. ಈ ಗೊಡವೆಯೇ ಬೇಡವೆಂದು ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು, ಮೋಟೆಬೆನ್ನೂರಿನ ಮೇಲೆ ಹೋಗುವ ಬಸ್ಸು ಹತ್ತಿದೆ. ಬಾಯಿಬಡುಕ ಕಾಕಾಗಳಿಬ್ಬರೂ ಬ್ಯಾಡಗಿಯಿಂದ ಬೇರೆಬೇರೆ ಬಸ್ಸಿನಲ್ಲಿ ಬಂದು ಅಂಗಡಿಯಲ್ಲಿ ಬೇರೆಬೇರೆ ಕುರ್ಚಿ ಹಿಡಿದಿದ್ದರು.

ಅಂಗಡಿಯ ಹುಡುಗ ಪರದೆಯ ಮೇಲೆ ದೊಡ್ಡಪ್ಪನ ಕಿವಿಯನ್ನು ಬಾಗಿಲಷ್ಟು ದೊಡ್ಡದು ಮಾಡಿ ತೋರಿಸಿದ. ಬಿಳಿ ಅಂಗಿಯ ಸುತ್ತ, ಕಿವಿಯ ಸುತ್ತ ಕೆಂಪು ದಾರ ಸುತ್ತಿದಂತಿತ್ತು. ರಾಶಿ ಹೋಗಿತ್ತು, ಅದರ ಬಣ್ಣ ಹೋಗಿರಲಿಲ್ಲ. “ಫೆದರ್ ಕೊಟ್ಟು ಅಂಚು ಒಳಗ ತಗೋತೀನ್ರಿ” ಎಂದು ಅಂಚು ಮೆತ್ತಗೆ ಮಾಡುವ ಒಂದು ಗುಂಡಿ ಒತ್ತಿದ. ಕೆಂಪು ಹೋಯಿತು, ಜೊತೆಗೆ ಹಾರದ ಎರಡೂ ಬದಿಯ ಏಲಕ್ಕಿಯೂ ಹೋಯಿತು. ಫೋನಿನಲ್ಲಿ ನೋಡಿದ ದೊಡ್ಡವ್ವ, “ಯಾಲಕ್ಕಿ ಯಾರು ತಿಂದ್ರೋ?” ಎಂದಳು. ಕೆಂಪು ಇದ್ದದ್ದನ್ನು ತೋರಿಸಿದರೆ, “ಪ್ರಭಾವಳಿ ಇದ್ದಂಗೈತಿ, ಅದ ಇರಲಿ” ಎಂದು ತೀರ್ಪು ಕೊಟ್ಟಳು.

ಅಸಲಿ ರಗಳೆ ಶುಭ ಕೋರುವವರ ಸಾಲಿನದು. ಕೆಳಗೆ ಹನ್ನೊಂದು ಮುಖ. ಒಬ್ಬರ ಹೆಗಲು ಇನ್ನೊಬ್ಬರ ಹೆಗಲಲ್ಲಿ ಕರಗಿ ಹೋಗಬೇಕು, ಕೂಡು ಕುಟುಂಬ ಎಂದರೆ ಹಾಗೆ ಎಂದು ನಾನೇ ಹುಡುಗನಿಗೆ ಹೇಳಿದ್ದೆ. ನಡುವಿನ ಕಾಕಾ, ಸಣ್ಣ ಕಾಕಾ ಪಕ್ಕಪಕ್ಕ ಬಂದರು. ಇಬ್ಬರ ನಡುವೆ ಹೊಲದ ಬದುವಿನ ವ್ಯಾಜ್ಯ ಕೋರ್ಟಿನಲ್ಲಿದೆ. ನಡುವಿನ ಕಾಕಾ ಕನ್ನಡಕ ಹಣೆಗೇರಿಸಿ ಪರದೆಗೆ ಮೂಗು ಹಚ್ಚಿ ನೋಡಿದ. “ಇವನ ಹೆಗಲ ನನ್ನ ಅಂಗಿಯೊಳಗ ಎರಡ ಬೆರಳ ಬಂದೈತಿ. ಹೊಲದಾಗ ಬದು ಒತ್ತಿದ್ದು ಸಾಲ್ಲಿಲ್ಲೇನು, ಫ್ಲೆಕ್ಸಿನ್ಯಾಗೂ ಒತ್ಯಾನ!” ಸಣ್ಣ ಕಾಕಾ ಗೋಡೆಯ ಕಡೆ ತಿರುಗಿ, ತನ್ನ ಹೆಗಲು ತನ್ನ ಜಾಗದಲ್ಲೇ ಇದೆ, ಬೇಕಾದರೆ ಮೋಜಣಿ ಮಾಡಿಸಲಿ ಎಂದ.

ಎರಡು ಚಿತ್ರ ಒಂದರಲ್ಲೊಂದು ಬೆರೆಯುವ ಲೆಕ್ಕಕ್ಕೆ ಆಲ್ಫಾ ಎಂಬ ಅಕ್ಷರ ಇಟ್ಟವರು 1970ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನಲ್ಲಿದ್ದ ಎಡ್ ಕ್ಯಾಟ್‌ಮಲ್ ಮತ್ತು ಆಲ್ವಿ ರೇ ಸ್ಮಿತ್. ಒಂದರ ಪಾಲು ಇಷ್ಟಾದರೆ ಉಳಿದದ್ದು ಇನ್ನೊಂದರ ಪಾಲು, ಅಷ್ಟೇ ಸೂತ್ರ. ಪಾಲಿನ ವಿಷಯ ಇಷ್ಟು ಸರಳವೆಂದು ನಂಬಿದ್ದ ಇಬ್ಬರಿಗೂ ನಮ್ಮ ಕಡೆ ಹೊಲ ಇರಲಿಲ್ಲ. ಹುಡುಗ ಮಾತಾಡದೆ ಫೆದರನ್ನು ಸೊನ್ನೆಗೆ ತಂದು, ಇಬ್ಬರ ನಡುವೆ ಹಳದಿ ಗೆರೆ ಎಳೆದ. “ಹದ್ದುಬಸ್ತ್ ಮಾಡೇನ್ರಿ” ಎಂದ. ಅದನ್ನು ಕಂಡು ಉಳಿದವರೂ ಫೋನಿನಲ್ಲೇ ಗೆರೆ ಕೇಳಿದರು. ಕೊನೆಗೆ ಹನ್ನೊಂದು ಮಂದಿಯೂ ಪೋಸ್ಟಿನ ಸ್ಟಾಂಪಿನ ಹಾಗೆ ಗೀಟು ಹೊಡೆದ ಚೌಕದಲ್ಲಿ ಕೂತರು.

ಮೇಲ್ಮೂಲೆಯಲ್ಲಿ ಅಜ್ಜ ಇರಲಿ ಎಂದು ಪಡಸಾಲೆಯ ಫೋಟೋವನ್ನು ಮೊಬೈಲಿನಲ್ಲಿ ತೆಗೆದು ಒಯ್ದಿದ್ದೆ. ಅಲ್ಲಿ ಮಾಡುವುದೇನಿದೆ, ಆಗಲೇ ಕರಗಿದ ಅಂಚು, ಹಾಗೇ ಇಟ್ಟರಾಯಿತು ಎಂದು ಹುಡುಗನಿಗೆ ಬಿಟ್ಟು ಸಂಜೆ ಬಸ್ಸಿಗೆ ಬಂದೆ.

ಮರುದಿನ ಮನೆಮುಂದೆ ಫ್ಲೆಕ್ಸ್ ಕಟ್ಟಿದರು. ಮೂಲೆಯಲ್ಲಿ ಜೋಗ ಜಲಪಾತ. ಅದರ ಮುಂದೆ ಅಜ್ಜ, ಕತ್ತರಿಯಿಂದ ಕತ್ತರಿಸಿದಂಥ ಚೂಪು ಅಂಚು. ತಲೆಗೆ ಅದೇ ರುಮಾಲು, ಅದೇ ಮೀಸೆ, ಕೆಳಗೆ ನೀಲಿ ಸೂಟು, ಕೆಂಪು ಟೈ. ಹುಡುಗನಿಗೆ ಫೋನು ಮಾಡಿದರೆ, “ಸರ್ರ, ಅಜ್ಜಾರಿಗೆ ಮೈನ ಇರ್ಲಿಲ್ರಿ. ಅಂಚೆಲ್ಲಾ ಹಾಳಾಗಿತ್ತು, ಕ್ಲೀನ್ ಮಾಡಿ ಸೂಟು ಹಾಕೇನ್ರಿ. ಅದಕ್ಕ ರೊಕ್ಕ ಬ್ಯಾಡ್ರಿ” ಎಂದ. ಜನ್ಮದಲ್ಲಿ ಧೋತರ ಬಿಟ್ಟು ಬೇರೆ ಉಡದ ಮನುಷ್ಯ.

ದೊಡ್ಡಪ್ಪ ಕೋಲು ಊರಿಕೊಂಡು ಹೊರಗೆ ಬಂದ. ತನ್ನ ಪ್ರಭಾವಳಿಯನ್ನು ನೋಡಲಿಲ್ಲ, ತಮ್ಮಂದಿರ ಹಳದಿ ಗೆರೆಯನ್ನೂ ನೋಡಲಿಲ್ಲ. ಅಪ್ಪನ ಮುಂದೆ ಬಹಳ ಹೊತ್ತು ನಿಂತ. ಬೈಗುಳಕ್ಕೆ ತಯಾರಾಗಿ ನಾನು ಕಂಬದ ಮರೆಗೆ ಸರಿದೆ. ಅವನು ಧೋತರದ ಚುಂಗಿನಿಂದ ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡ.

“ತಮ್ಮಾ, ಟೈ ಸೊಟ್ಟ ಆಗೇತಿ ನೋಡು. ನೆಟ್ಟಗ ಮಾಡಸು.”