ತಿಥಿ ತಪ್ಪಿದ ಕರ್ನೆಲ್

“ಯಾವ ಕರ್ನಲ್ ಮಾರಾಯ, ಮಿಲಿಟ್ರಿಯವನಾ?” ಎಂದರು ಚಿಕ್ಕಪ್ಪ. ಅದು ಕರ್ನೆಲ್, ಕಂಪ್ಯೂಟರಿನ ತಿರುಳು, ಹಲಸಿನ ಬೀಜದ ಹಾಗೆ ಒಳಗಿರುತ್ತೆ ಎಂದೆ. “ಹಾಗಾದ್ರೆ ಬೇಯಿಸು” ಎಂದು ಎಲೆಯಡಿಕೆ ಬಾಯಿಗಿಟ್ಟರು. ನಾನು ಕೂತಿದ್ದೂ ಅದಕ್ಕೇ.

ಹೊರನಾಡಿನ ಆಷಾಢ. ಭದ್ರೆ ಹೆಬ್ಬಾಳೆ ಸೇತುವೆ ಹತ್ತಿ ಕೂತಿದ್ದಳು. ಆ ದಾರಿಯಲ್ಲಿ ಕಳಸಕ್ಕೆ ಹೋಗುವ ಹಾಗಿಲ್ಲ. ನೆಟ್ ಇಲ್ಲ, ಕರೆಂಟಿನದು ಕಣ್ಣಾಮುಚ್ಚಾಲೆ. ಸ್ಲ್ಯಾಕ್‌ವೇರ್ ಲಿನಕ್ಸ್ ಇರುವ ನನ್ನ ಮುದಿ ಡೆಸ್ಕ್‌ಟಾಪಿಗೆ ವೆಬ್‌ಕ್ಯಾಮಿನ ಡ್ರೈವರ್ ಸೇರಿಸಬೇಕಿತ್ತು. ಕರ್ನೆಲ್‌ನ ಆಯ್ಕೆಪಟ್ಟಿ ಮೆನುಕಾನ್ಫಿಗ್ ತೆರೆದು, ಆ ಡ್ರೈವರಿನ ಮುಂದೆ ‘ಎಂ’ ಒತ್ತಿದೆ. ‘ವೈ’ ಎಂದರೆ ಹುಳಿಯೊಳಗೇ ಕುದಿಸಿದ ಉಪ್ಪು. ‘ಎಂ’ ಎಂದರೆ ಬೇಕಾದಾಗ ಎಲೆಯ ತುದಿಗೆ ಬಡಿಸುವ ಉಪ್ಪಿನಕಾಯಿ. ಉಳಿಸಿ, ‘ಮೇಕ್’ ಎಂದೆ. ಹೋದ ವಾರ ಮೂರು ಗಂಟೆ ಕುದಿದಿದ್ದು ಈಗ ಎರಡೇ ನಿಮಿಷಕ್ಕೆ ಇಳಿಯಿತು! ಯಂತ್ರಕ್ಕೂ ಮಳೆಗಾಲದ ಹುಮ್ಮಸ್ಸು ಎಂದು ಬೀಗಿದೆ. ಮತ್ತೆ ಶುರುಮಾಡಿ ನೋಡಿದರೆ ಕ್ಯಾಮ್ ಕಣ್ಣೇ ಬಿಡಲಿಲ್ಲ.

‘ಮೇಕ್’ ಅನ್ನುವ ಈ ಅಡುಗೆ ಭಟ್ಟ 1976ರಲ್ಲಿ ಬೆಲ್ ಲ್ಯಾಬ್ಸಿನ ಸ್ಟುವರ್ಟ್ ಫೆಲ್ಡ್‌ಮನ್ ಕೈಯಲ್ಲಿ ಹುಟ್ಟಿದವನು. ಸೋಮಾರಿ, ಆದರೆ ಜಾಣ. ತರಕಾರಿ ಹೆಚ್ಚಿದ ಹೊತ್ತು, ಹುಳಿ ಇಳಿಸಿದ ಹೊತ್ತು ಎರಡನ್ನೂ ನೋಡುತ್ತಾನೆ. ಹೆಚ್ಚಿದ್ದು ಆಮೇಲೆ ಎಂದಾದರೆ ಮಾತ್ರ ಒಲೆ ಹಚ್ಚುತ್ತಾನೆ. ನೀವು ಏನು ಬದಲಾಯಿಸಿದಿರಿ ಎಂದು ಕೇಳುವವನಲ್ಲ, ತಾರೀಖೊಂದೇ ಅವನ ವೇದ.

ಪರದೆಯ ಮೂಲೆಗೆ ಕಣ್ಣು ಹಾಯಿಸಿದ್ದು ಚಿಕ್ಕಪ್ಪನೇ. “ನಿನ್ನ ಡಬ್ಬಿ 2009 ಅಂತದಲ್ಲ ಮಾರಾಯ! ಆಗ ನಂಗೆ ಹಲ್ಲೆಲ್ಲ ಇತ್ತು.”

ಮದರ್‌ಬೋರ್ಡಿನ ಬಿಲ್ಲೆ ಸೆಲ್ ಸತ್ತು, ಕರೆಂಟು ಹೋದಾಗ ಗಡಿಯಾರ 2009ಕ್ಕೆ ಜಾರಿತ್ತು. ನನ್ನ ಆಯ್ಕೆಗಳನ್ನು ಉಳಿಸಿದ ಚೀಟಿ, ಡಾಟ್ ಕಾನ್ಫಿಗ್ ಕಡತಕ್ಕೂ ಅದೇ ವರ್ಷದ ಮುದ್ರೆ. ಹಳೇ ಚೀಟಿ, ಹೊಸ ಅಡುಗೆ ಎಂದು ಭಟ್ಟ ಮಲಗಿಬಿಟ್ಟ. ಗಡಿಯಾರ ಓರೆಯಾಗಿದೆ, ಕೆಲಸ ಅರೆಬರೆ ಆಗಿರಬಹುದು ಎಂದು ಕೊನೆಯ ಸಾಲಿನಲ್ಲಿ ಗೊಣಗಿಯೂ ಇದ್ದ. ಓದಬೇಕಲ್ಲ!

ಪಂಚಾಂಗ ನೋಡಿ ಚಿಕ್ಕಪ್ಪ ಹೇಳಿದ ದಿನಕ್ಕೆ ಗಡಿಯಾರ ತಿರುಗಿಸಿದೆ. ಡಾಟ್ ಕಾನ್ಫಿಗ್‌ನ ಒಂದು ಪ್ರತಿಯನ್ನು ಬೇರೆ ಕಡೆ ಇಟ್ಟು ‘ಮೇಕ್ ಮಿಸ್ಟರ್‌ಪ್ರಾಪರ್’ ಎಂದೆ. ಹೆಸರು ಯುರೋಪಿನ ತೊಳೆಯುವ ದ್ರಾವಣದ್ದು. ಈ ಪುಣ್ಯಾತ್ಮ ಪಾತ್ರೆಯ ಜೊತೆ ಅಡುಗೆಯ ಚೀಟಿಯನ್ನೂ ತೊಳೆದುಬಿಡುತ್ತಾನೆ, ಅದಕ್ಕೇ ಪ್ರತಿ. ಅದನ್ನು ಮತ್ತೆ ತಂದಿಟ್ಟು, ಮೇಕ್, ಮಾಡ್ಯೂಲ್‌ಗಳ ಸ್ಥಾಪನೆ, ಬೂಟ್ ಫೋಲ್ಡರಿಗೆ ಹೊಸ ಕರ್ನೆಲ್, ಕೊನೆಗೆ ಬೂಟ್ ಲೋಡರ್ ಲಿಲೊ. ಹಳೇ ಕರ್ನೆಲ್ ಅಳಿಸಲಿಲ್ಲ. ಹೊಸ ಛತ್ರಿ ಕೈಕೊಟ್ಟರೆ ಮೂಲೆಯ ಗೊರಬೆ ಬೇಕಲ್ಲ. ನಡುರಾತ್ರಿ ಕ್ಯಾಮ್ ಕಣ್ಣು ಬಿಟ್ಟಿತು, ಗೊರಕೆ ಹೊಡೆಯುವ ಚಿಕ್ಕಪ್ಪನನ್ನು ತೋರಿಸಿತು.

ಭದ್ರೆ ಸೇತುವೆ ಬಿಟ್ಟಿಳಿದ ದಿನ ಕಳಸದಿಂದ ಸೆಲ್ ತಂದೆ. ಚಿಕ್ಕಪ್ಪ ಕನ್ನಡಕ ಏರಿಸಿ ಅದರ ಮೇಲಿನ ನಂಬರು ಓದಿದರು.

“2032! ಅಲ್ಲೀತನಕ ಗ್ಯಾರಂಟಿಯಾ?”

20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ ಎಂದರ್ಥ ಅಂತ ಇನ್ನೂ ಹೇಳಿಲ್ಲ.