ಕಿಲೋಗೆ ಎಷ್ಟು ಬಿತ್ತು?

ಬ್ರಾಯ್ಲರ್ ಕೋಳಿಯ ಗಣಿತ ಕಾಗದದ ಮೇಲೆ ಬಲು ಸೊಗಸು. 6 ವಾರ, ಸುಮಾರು 3.5 ಕಿಲೋ ಮೇವು, 2 ಕಿಲೋ ಕೋಳಿ! ಹತ್ತು ಮರಿ ತಂದವರು ಮನಸ್ಸಿನಲ್ಲೇ ಕೋಳಿ ಅಂಗಡಿಯವನನ್ನು ದಿವಾಳಿ ಎಬ್ಬಿಸಿರುತ್ತಾರೆ. ಪಾಪ, ಮರಿಗಳು ಈ ಲೆಕ್ಕ ಓದಿರುವುದಿಲ್ಲ. ಮೊದಲ ವಾರ ಅವಕ್ಕೆ 33 ಡಿಗ್ರಿಯಷ್ಟು ಬೆಚ್ಚಗಿರಬೇಕು. ಮನೆಯವರಿಗೆ ಹರಕು ಕಂಬಳಿ, ಮರಿಗಳಿಗೆ ರಾತ್ರಿಯಿಡೀ ಬಲ್ಬು. ಆಮೇಲೆ ಗುಂಬೊರೊ ರೋಗದ ಲಸಿಕೆ, ನೆಲಕ್ಕೆ ಭತ್ತದ ಹೊಟ್ಟು, ಮುಂಗುಸಿಯ ಪಾಲು. ಎಲ್ಲ ಕೂಡಿದರೆ ಕಿಲೋ ದರ ಅಂಗಡಿಯದನ್ನೇ ಅಣಕಿಸುತ್ತದೆ. ಜಾಣರು ಆಗ ‘ಗೊಬ್ಬರ ಬಂತಲ್ಲ’ ಎಂದು ಜಮೆ ಬರೆದುಕೊಳ್ಳುತ್ತಾರೆ. ಅಸಲಿ ನಷ್ಟ ಮಕ್ಕಳಿಂದ: ಕೋಳಿಗೆ ‘ಪುಟ್ಟಿ’ ಎಂದು ಹೆಸರಿಟ್ಟರೋ, ಅದು ಆಸ್ತಿಯ ಪಟ್ಟಿಯಿಂದ ಅವಲಂಬಿತರ ಪಟ್ಟಿಗೆ ಬಡ್ತಿ ಪಡೆದಂತೆಯೇ. ಭಾನುವಾರದ ಸಾರಿಗೆ ಬೇರೆ ಕೋಳಿ ಕೊಳ್ಳಬೇಕು. ಆ ಬಿಲ್ಲೂ ಪುಟ್ಟಿಯ ಖಾತೆಗೇ!