ಟ್ಯಾಬಿಗೊಂದು ಗವಸಣಿಗೆ

ಧಾರವಾಡದ ಮನೆಗಳಲ್ಲಿ ಯಾವ ವಸ್ತುವೂ ಬರಿಮೈಯಲ್ಲಿ ಇರುವುದಿಲ್ಲ. ಯಜಮಾನರು ಬೇಸಗೆಯ ಸಂಜೆ ಬನಿಯನ್ನಿನ ಮೇಲೆ ಕಟ್ಟೆಗೆ ಬಂದು ಕೂತಾರು, ಅದಕ್ಕೆ ಯಾರೂ ಏನೂ ಅನ್ನುವುದಿಲ್ಲ. ಟಿವಿ ಹಾಗೆ ಕೂತರೆ ಮಾತ್ರ ಮನೆತನಕ್ಕೆ ಕುಂದು. ನಮ್ಮ ಅಪ್ಪನ ಟ್ರಾನ್ಸಿಸ್ಟರಿಗೆ ಕಂದು ಚರ್ಮದ ಅಂಗಿ ಇತ್ತು, ಗುಂಡಿ ಸಮೇತ. ದನಿ ಹೊರಗೆ ಬರಲೆಂದು ಅದರ ಎದೆಯ ಮೇಲೆ ಸಾಲು ಸಾಲು ತೂತು. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಯನ್ನು ನಾನು ಹುಡುಗನಾಗಿದ್ದಾಗ ಕೇಳಿದ್ದೆಲ್ಲ ಆ ತೂತುಗಳಿಂದಲೇ. ಆಮೇಲೆ ಬಂದ ಟಿವಿಗೆ ಕಂಪನಿಯವರೇ ಎರಡೂ ಕಡೆಯಿಂದ ಎಳೆಯುವ ಕಟ್ಟಿಗೆಯ ಬಾಗಿಲು ಕೊಟ್ಟಿದ್ದರು. ಬಾಗಿಲಿಗೂ ಧೂಳು ಕೂಡುತ್ತದಲ್ಲ ಎಂದು ಅಕ್ಕ ಅದರ ಮೇಲೆ ಕಸೂತಿ ಬಟ್ಟೆ ಹೊದಿಸಿದಳು. ಗೋಪುರ, ತೇರು, ಆನೆ, ಎಲ್ಲ ಇದ್ದವು. ಕಸೂತಿ ಹೊಲಸಾಗಬಾರದೆಂದು ಅದರ ಮೇಲೊಂದು ಪ್ಲಾಸ್ಟಿಕ್ಕು. ವಾರ್ತೆ ನೋಡಬೇಕೆಂದರೆ ಇಷ್ಟೂ ಪದರು ಬಿಚ್ಚಬೇಕು. ಬಿಚ್ಚುವಷ್ಟರಲ್ಲಿ ಮುಖ್ಯಾಂಶ ಮುಗಿದು ಹವಾಮಾನ ಬರುತ್ತಿತ್ತು.

ಇದು ಸಂಗೀತದ ಊರು. ತಂಬೂರಿಗೂ ಗವಸಣಿಗೆ ತೊಡಿಸಿಯೇ ಮೂಲೆಗೆ ನಿಲ್ಲಿಸುತ್ತಾರೆ. ಶಾಲೆಯ ಪುಸ್ತಕಕ್ಕೆ ಖಾಕಿ ಕಾಗದ, ಫ್ರಿಜ್ಜಿನ ಹಿಡಿಕೆಗೆ ಅರಿವೆ, ರೇಷನ್ ಕಾರ್ಡಿಗೆ ಪ್ಲಾಸ್ಟಿಕ್ ಚೀಲ. ನಮ್ಮ ಮನೆಯ ರಿಮೋಟು ಇವತ್ತಿಗೂ ಹುಟ್ಟುಡುಗೆಯಲ್ಲೇ, ಅಂದರೆ ಅಂಗಡಿಯಿಂದ ತೊಟ್ಟು ಬಂದ ಪಾಲಿಥೀನ್ ಲಕೋಟೆಯಲ್ಲೇ ಇದೆ. ಒಳಗಿನ ಅಂಕಿಗಳು ಕಾಣಿಸುವುದಿಲ್ಲ. ಬೆರಳ ಲೆಕ್ಕದಲ್ಲಿ ಒತ್ತುತ್ತೇವೆ.

ಇಂಥ ಮನೆಗೆ 2021ರಲ್ಲಿ ಒಂದು ಟ್ಯಾಬ್ ಬಂತು.

ಕೊರೊನಾ ಕಾಲ. ಕಾಲೇಜುಗಳು ಮುಚ್ಚಿ ಪಾಠವೆಲ್ಲ ಆನ್‌ಲೈನ್ ಆಗಿತ್ತು. ಆ ವರ್ಷದ ಜೂನಿನಲ್ಲಿ ಯಡಿಯೂರಪ್ಪನವರ ಸರಕಾರ ಸರಕಾರಿ ಕಾಲೇಜುಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಪುಕ್ಕಟೆ ಟ್ಯಾಬ್ ಹಂಚಿತು. ಅದರಲ್ಲೊಂದು ನಮ್ಮ ಅಣ್ಣನ ಮಗಳ ಪಾಲಿಗೆ ಬಂತು. ಸರಕಾರ ಕೊಟ್ಟದ್ದು ಓದಲಿಕ್ಕೆ. ನಮ್ಮ ಮನೆಯವರು ತಿಳಿದದ್ದು ಕಾಯಲಿಕ್ಕೆ ಎಂದು. ಅದರಲ್ಲೂ ಅಪ್ಪ ಕನ್ನಡ ಸಾಲಿಯಲ್ಲಿ ಮಾಸ್ತರಿಕೆ ಮಾಡಿ ರಿಟೈರ್ ಆದವರು. ಡೆಡ್‌ಸ್ಟಾಕ್ ರಜಿಸ್ಟರಿನಲ್ಲಿ ಬರೆದಿದ್ದ ಒಂದು ಮುರುಕು ಕುರ್ಚಿ ಸಿಗದೆ ಚಾರ್ಜು ಕೊಡುವ ದಿನ ಊಟ ಬಿಟ್ಟಿದ್ದವರು. ಟ್ಯಾಬನ್ನು ತಿರುಗಿಸಿ ಮುರುಗಿಸಿ ನೋಡಿ, ಹಿಂದಿನ ನಂಬರನ್ನು ಡೈರಿಯಲ್ಲಿ ಬರೆದುಕೊಂಡರು.

"ತಂಗೀ, ಇದು ಸರಕಾರದ್ದು. ನಾಳೆ ಡಿಗ್ರಿ ಮುಗದ ಮ್ಯಾಲ ವಾಪಸ್ ತಾ ಅಂದ್ರ?"

"ಅಜ್ಜಾ, ಪುಕ್ಕಟ ಕೊಟ್ಟಾರ."

"ಪುಕ್ಕಟ ಕೊಟ್ಟಿದ್ದನ್ನ ಮೊದಲ ಕೇಳತಾರ."

ಆ ಸಂಜೆ ಮನೆಯಲ್ಲಿ ಸಭೆ ಕೂಡಿತು. ಅಣ್ಣ ಟ್ಯಾಬನ್ನು ಗೋಡೆಗೆ ಮೊಳೆ ಹೊಡೆದು ತೂಗುಹಾಕೋಣ, ಎಲ್ಲರಿಗೂ ಕಾಣುತ್ತದೆ, ಯಾರ ಕೈಗೂ ಸಿಗುವುದಿಲ್ಲ ಎಂದ. ವೈನಿ ಹಿಟ್ಟಿನ ಡಬ್ಬಿ ಸುರಕ್ಷಿತ ಎಂದರು. ಅವ್ವ ಏನೂ ಹೇಳಲಿಲ್ಲ. ಎದ್ದು ಟ್ರಂಕು ತೆಗೆದು ಹಳೆಯ ಇಳಕಲ್ ಸೀರೆ ಹುಡುಕತೊಡಗಿದಳು. ನಮ್ಮ ಕಡೆಯ ಕೌದಿ ಗೊತ್ತಲ್ಲ, ಹರಿದ ಸೀರೆ, ಧೋತರ, ಅಂಗಿಗಳನ್ನು ಪದರು ಪದರಾಗಿ ಹಾಸಿ, ಅಂಚಿನಿಂದ ಅಂಚಿಗೆ ಸಣ್ಣ ಸಣ್ಣ ಟಾಕೆ ಹಾಕುತ್ತ ಹೊಲಿಯುವುದು. ಅವ್ವ ಅದೇ ಕ್ರಮದಲ್ಲಿ ಒಂದು ಚೀಲ ಹೊಲಿದಳು. ನಡುವೆ ಅಪ್ಪನ ಧೋತರ, ಹೊರಗೆ ಇಳಕಲ್ ದಡಿ, ಬಾಯಿಗೆ ಲಾಡಿ. ಟ್ಯಾಬು ಒಳಗೆ ಹೋದರೆ ಮಾಳಿಗೆಯ ಮೇಲಿಂದ ಒಗೆದರೂ ಚಿಂತೆಯಿಲ್ಲ ಅನ್ನುವ ಹಾಗಿತ್ತು. ಕೆಳಗೆ ನಿಂತವರ ತಲೆಯ ಮಾತು ಬೇರೆ.

ಇಷ್ಟಾದ ಮೇಲೂ ಗಾಜಿಗೆ ಗಾಜು ಬೇಕೇ ಬೇಕು ಎಂದು ಹುಡುಗಿ ಹಟ ಹಿಡಿದಳು. ಟೆಂಪರ್ಡ್ ಗ್ಲಾಸು. ಧಾರವಾಡದಲ್ಲಿ ಮೊಬೈಲ್ ಅಂಗಡಿಗಳಿಗೆ ಬರವೇನಿಲ್ಲ. ಆದರೆ ಧಾರವಾಡದವರು ಪುಸ್ತಕವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹುಬ್ಬಳ್ಳಿಯಲ್ಲಿ ಸೋವಿ ಎಂದು ನಂಬಿದವರು. ಜುಬಿಲಿ ಸರ್ಕಲ್ಲಿನಲ್ಲಿ ಚಿಗರಿ ಬಸ್ಸು ಹತ್ತಿ ಹೊರಟೆವು. ಹೊರಗೆ ಧಾರವಾಡದ ಜಿಟಿಜಿಟಿ ಮಳೆ. ಟ್ಯಾಬು ಕೌದಿ ಚೀಲದಲ್ಲಿ, ಕೌದಿ ಚೀಲ ಟರ್ಕಿ ಟವೆಲಿನಲ್ಲಿ, ಟವೆಲು ಸೀರೆ ಅಂಗಡಿಯ ಕೈಚೀಲದಲ್ಲಿ, ಕೈಚೀಲ ನನ್ನ ತೊಡೆಯ ಮೇಲೆ. ಎರಡೂ ಕೈಯಲ್ಲಿ ಹಿಡಿದು ಕೂತದ್ದು ನೋಡಿ ಪಕ್ಕದ ಸೀಟಿನ ಹಿರಿಯರು ಚಪ್ಪಲಿ ಬಿಟ್ಟು ಕಾಲು ಒಳಗೆಳೆದುಕೊಂಡರು. ಉಣಕಲ್ ದಾಟಿದ ಮೇಲೆ ತಡೆಯಲಾರದೆ ಕೇಳಿದರು: "ಯಾವ ದೇವರ ಫೋಟೋರೀ?"

ಕೊಪ್ಪೀಕರ ರಸ್ತೆಯ ಹತ್ತಿರದ ಒಂದು ಸಂದಿ. ಒಬ್ಬ ನಿಂತರೆ ತುಂಬಿಹೋಗುವ ಅಂಗಡಿ. ಹುಡುಗ ಟ್ಯಾಬನ್ನು ಹೊರತೆಗೆದು, ಅದಕ್ಕಿಂತ ಹೆಚ್ಚು ಹೊತ್ತು ಚೀಲವನ್ನು ನೋಡಿದ.

"ಸರ, ಇದರದು ಗ್ಲಾಸು ಬರಂಗಿಲ್ರಿ. ಸರಕಾರದ ಮಾಲು ನೋಡ್ರಿ. ಆದ್ರ ಬ್ಯಾರೇ ಕಂಪನೀದು ಇದ ಸೈಜಿಂದು ಐತಿ. ಕ್ಯಾಮೆರಾ ತೂತು ಒಂದ್ ಚೂರು ಆಕಡೆ ಈಕಡೆ ಆಗತೈತಿ, ನಡೀತದ?"

ನಡೆಯಿತು. ಅಂದಿನಿಂದ ಆನ್‌ಲೈನ್ ಕ್ಲಾಸಿನಲ್ಲಿ ನಮ್ಮ ಹುಡುಗಿಯ ಬಲಗಿವಿ ಸದಾ ಮಂಜಿನಲ್ಲಿ ಇರುತ್ತಿತ್ತು.

ಗಾಜು ಹಚ್ಚುವುದು ಒಂದು ಪೂಜೆಯೇ ಸರಿ. ಹುಡುಗ ಮೊದಲು ಫ್ಯಾನು ಆರಿಸಿದ. ಒಂದು ಸಣ್ಣ ಪ್ಯಾಕೆಟ್ ಹರಿದು ಒದ್ದೆ ಕಾಗದದಿಂದ ಒರೆಸಿದ, ಇನ್ನೊಂದು ಹರಿದು ಒಣ ಕಾಗದದಿಂದ. ನೀಲಿ ಸ್ಟಿಕ್ಕರಿನ ಅಂಟಿನಿಂದ ಧೂಳಿನ ಕಣಗಳನ್ನು ಒಂದೊಂದಾಗಿ ಎತ್ತಿದ. ಗಾಜಿನ ಹಿಂದಿನ ಹಾಳೆ ಸುಲಿದು, ಅಂಚುಗಳನ್ನು ಉಗುರಿನಲ್ಲಿ ಹಿಡಿದು, ಉಸಿರು ಬಿಗಿಹಿಡಿದ. ಅಂಗಡಿಯ ಮುಂದೆ ನಿಂತಿದ್ದ ನಾವೂ ಬಿಗಿಹಿಡಿದೆವು. ಗಾಜು ಮೆಲ್ಲಗೆ ಕೂತಿತು. ನಡುವಿಗೆ ಬೆರಳಿಟ್ಟು ಒತ್ತಿದ್ದೇ ತಡ, ಅಂಟು ತಾನಾಗಿ ನಾಲ್ಕೂ ದಿಕ್ಕಿಗೆ ಹರಿಯಿತು. ಒಂದೇ ಒಂದು ಗುಳ್ಳೆ ಉಳಿಯಿತು. ಎಟಿಎಂ ಕಾರ್ಡಿನಿಂದ ಎಷ್ಟು ತಳ್ಳಿದರೂ ಜಗ್ಗಲಿಲ್ಲ. ಸೆಲ್ಲೋಟೇಪಿನಿಂದ ಒಂದು ಮೂಲೆ ಎತ್ತಿ, ಒಳಗಿಂದ ಏನನ್ನೋ ಅಂಟಿಸಿ ತೆಗೆದು ಬೆಳಕಿಗೆ ಹಿಡಿದ. ಕಣ್ಣಿಗೆ ಕಾಣಬೇಕಾದರೆ ಪುಣ್ಯ ಮಾಡಿರಬೇಕು, ಅಷ್ಟು ಸಣ್ಣ ಮರಳು. "ನಮ್ಮ ಹುಬ್ಬಳ್ಳಿ ಧೂಳ್ರಿ," ಎಂದ, ಸ್ವಂತ ಮಗನನ್ನು ಪರಿಚಯಿಸುವವನ ಹಾಗೆ. ಆಮೇಲೆ ಕಟರ್ ತೆಗೆದು ಹೊಸ ಗಾಜಿನ ಮೇಲೆ ಕಿರ್ರ್ ಎಂದು ಗೀಚಿದ. ಹುಡುಗಿ ಚೀರಿದಳು. ಗೀರು ಬೀಳಲಿಲ್ಲ. "9ಎಚ್ ಐತ್ರಿ. ಮ್ಯಾಲ ವಜ್ರ ಒಂದ ಉಳೀತು."

ಇಲ್ಲಿ ಸ್ವಲ್ಪ ಶಾಸ್ತ್ರ ಹೇಳಬೇಕು, ಯಾಕೆಂದರೆ ಆ ಹುಡುಗ ಹೇಳಿದ್ದನ್ನು ಊರೆಲ್ಲ ನಂಬಿದೆ. ಫ್ರೆಡ್ರಿಕ್ ಮೋಸ್ ಎಂಬ ಜರ್ಮನ್ ಖನಿಜತಜ್ಞ 1812ರಲ್ಲಿ ಕಲ್ಲುಗಳಿಗೆ ಗಡಸುತನದ ಪಟ್ಟಿ ಮಾಡಿದ. ಯಾವುದು ಯಾವುದನ್ನು ಗೀರುತ್ತದೆ ಎಂಬುದಷ್ಟೇ ಅವನ ಲೆಕ್ಕ. ಒತ್ತಿದರೆ ಪುಡಿಯಾಗುವ ಬಳಪದ ಕಲ್ಲು 1, ವಜ್ರ 10. 9ಎಚ್‌ಗೂ ಈ ಪಟ್ಟಿಗೂ ಸಂಬಂಧವಿಲ್ಲ. ಅದು ಪೆನ್ಸಿಲ್ಲಿನ ಅಳತೆ. ಚಿತ್ರ ಬಿಡಿಸುವವರ ಎಚ್‌ಬಿ, 2ಬಿ ಗೊತ್ತಲ್ಲ, ಆ ಸಾಲಿನ ಗಟ್ಟಿ ತುದಿಯಲ್ಲಿ 9ಎಚ್ ಪೆನ್ಸಿಲ್ ಇದೆ. ಅದರಿಂದ ಗೀಚಿದರೆ ಗೀರು ಬೀಳುವುದಿಲ್ಲ ಎಂದಷ್ಟೇ ಅರ್ಥ. ಪೆನ್ಸಿಲ್ ಹಿಡಿದು ಟ್ಯಾಬಿನ ಮೇಲೆ ದಾಳಿ ಮಾಡುವವರಿಂದ ನಮಗೆ ಪೂರ್ಣ ರಕ್ಷಣೆ ಸಿಕ್ಕಿದೆ. ಕಟರಿನ ಉಕ್ಕು ಮೋಸನ ಪಟ್ಟಿಯಲ್ಲಿ ಐದೂವರೆಯ ಆಸುಪಾಸು, ಗಾಜೂ ಅಲ್ಲೇ ತುಸು ಮೇಲೆ. ಕೀಲಿಕೈ, ನಾಣ್ಯ ಇನ್ನೂ ಕೆಳಗೆ. ಹಾಗಾಗಿ ಅಂಗಡಿಯ ಆಟದಲ್ಲಿ ಗಾಜು ಗೆಲ್ಲುವುದು ಮೊದಲೇ ಗೊತ್ತಿರುವ ಕುಸ್ತಿ.

ಟ್ಯಾಬಿನ ಸ್ವಂತ ಗಾಜು ಸಹಿತ ಏನೂ ಕಡಿಮೆಯದಲ್ಲ. ಇಂಥ ಗಾಜನ್ನು ಸುಮಾರು 400 ಡಿಗ್ರಿಗೆ ಕಾದು ಕರಗಿದ ಪೊಟ್ಯಾಸಿಯಂ ಉಪ್ಪಿನಲ್ಲಿ ಅದ್ದಿಡುತ್ತಾರೆ. ಗಾಜಿನ ಮೈಯಿಂದ ಸಣ್ಣ ಸೋಡಿಯಂ ಅಯಾನುಗಳು ಇಳಿದುಹೋಗಿ, ಆ ಜಾಗದಲ್ಲಿ ದಪ್ಪನೆಯ ಪೊಟ್ಯಾಸಿಯಂ ಬಂದು ಕೂಡುತ್ತದೆ. ಹಳೆಯ ಬೇಂದ್ರೆ ಬಸ್ಸಿನಲ್ಲಿ ನವನಗರಕ್ಕೆ ಕಾಲೇಜು ಹುಡುಗ ಇಳಿದು, ಅವನ ಸೀಟಿಗೆ ದುರ್ಗದಬೈಲಿನ ವ್ಯಾಪಾರಸ್ಥರೊಬ್ಬರು ಬುಟ್ಟಿ ಸಮೇತ ಬಂದು ಕೂತರೆ ಸಾಲಿಗೆ ಸಾಲೇ ಬಿಗಿಯಾಗುತ್ತಿತ್ತಲ್ಲ, ಹಾಗೆ. ಬ್ರೇಕು ಹಾಕಿದರೂ ಆ ಸಾಲಿನಲ್ಲಿ ಯಾರೂ ಅಲುಗಾಡುತ್ತಿರಲಿಲ್ಲ. ಮೈ ಬಿಗಿದ ಗಾಜು ಸುಲಭವಾಗಿ ಒಡೆಯುವುದೂ ಇಲ್ಲ.

ಆದರೆ ಬೆಣಚುಕಲ್ಲು ಮೋಸನ ಪಟ್ಟಿಯಲ್ಲಿ 7. ಮರಳೆಂದರೆ ಬಹುಪಾಲು ಬೆಣಚೇ. ಇಲ್ಲಿ ನಮ್ಮ ಊರಿನ ಹಿರಿಮೆಯನ್ನು ಹೇಳದೆ ಇರಲಾರೆ. ಕರ್ನಾಟಕದ ಬಹುಭಾಗದ ತಳಪಾಯವಾಗಿರುವ 250 ಕೋಟಿ ವರ್ಷಕ್ಕೂ ಹಳೆಯ ಶಿಲೆಗಳ ಒಂದು ಸಮೂಹಕ್ಕೆ ಭೂವಿಜ್ಞಾನಿಗಳು ಇಟ್ಟ ಹೆಸರು ಧಾರವಾಡ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ರಾಬರ್ಟ್ ಬ್ರೂಸ್ ಫೂಟ್ ಸಾಹೇಬರು ಇಟ್ಟದ್ದು. ಆ ಬಂಡೆಗಳು ಮಳೆ ಬಿಸಿಲಿಗೆ ಕೊಳೆತು ಕೆಮ್ಮಣ್ಣಾಗುತ್ತವೆ. ಒಳಗಿನ ಬೆಣಚು ಮಾತ್ರ ಕೊಳೆಯುವುದಿಲ್ಲ, ಸಣ್ಣದಾಗುತ್ತ ಹೋಗಿ ಕಡೆಗೆ ಧೂಳಿನಲ್ಲಿ ಸೇರಿ ಕಿಟಕಿಯಿಂದ ಒಳಗೆ ಬರುತ್ತದೆ. ಹುಬ್ಬಳ್ಳಿಯಲ್ಲಂತೂ ರಸ್ತೆ ಅಗೆಯುವ ಕೆಲಸ ಎಂದೂ ನಿಲ್ಲದ ಕಾರಣ ಅದು ಬಾಗಿಲು ಬಡಿದೇ ಬರುತ್ತದೆ. 250 ಕೋಟಿ ವರ್ಷ ಬಾಳಿದ್ದು ನಿನ್ನೆ ಬಂದ ಗಾಜಿನ ಮೇಲೆ ಕೂತಿದೆ. ಸುಮ್ಮನೆ ಕೂತರೆ ಅಡ್ಡಿಯಿಲ್ಲ. ಅದನ್ನು ಯಾರಾದರೂ ಒರೆಸಿದರೆ ಕತೆ ಶುರು.

ಅದಕ್ಕೆ ಮೊದಲು ಖಂಡೆಪೂಜೆ ಬಂತು. ನವಮಿಯ ದಿನ ಕುಡಗೋಲು, ಕೊಡಲಿ, ಈಳಿಗೆ, ಅಣ್ಣನ ಸ್ಪ್ಯಾನರುಗಳ ಸಾಲಿನಲ್ಲಿ ಟ್ಯಾಬನ್ನೂ ಇಟ್ಟರು. ಅಪ್ಪ ಪರದೆಯ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದರು. ಮೂರು ಬೆರಳು ಒಟ್ಟಿಗೆ ಕೆಳಗೆ ಎಳೆದರೆ ಆ ಟ್ಯಾಬು ಫೋಟೋ ಹಿಡಿಯುತ್ತಿತ್ತು. ಚಕ್ ಎಂದಿತು. "ನೋಡು, ಒಪ್ಪಿಕೊಂತು," ಎಂದರು ಅಪ್ಪ. ಅವ್ವ ಹಾಕಿದ ಅಕ್ಷತೆಯ ಒಂದು ಕಾಳು ಚಾರ್ಜಿಂಗ್ ತೂತಿಗೆ ಸರಿಯಾಗಿ ಹೊಂದಿ ಕೂತುಬಿಟ್ಟಿತು. ಅದನ್ನು ತೆಗೆಯಲು ಪೂಜೆಗೆ ಇಟ್ಟಿದ್ದ ಸೂಜಿಯೇ ಬೇಕಾಯಿತು. ಸೆಮಿಸ್ಟರ್ ರಜೆ ಬಂದಾಗ ಅಪ್ಪ ಟ್ಯಾಬನ್ನು ಬೀರುವಿನಲ್ಲಿಟ್ಟು ಕೀಲಿ ಹಾಕಿದರು. ಲಿಥಿಯಂ ಬ್ಯಾಟರಿಯನ್ನು ಬಹಳ ದಿನ ಇಡುವುದಾದರೆ ಅರ್ಧ ಚಾರ್ಜು ಮಾಡಿ ಇಡಬೇಕು, ಪೂರ್ತಿ ಇಳಿದ ಬ್ಯಾಟರಿ ಇಟ್ಟಲ್ಲೇ ಸಾಯುತ್ತದೆ ಎಂದು ಹುಡುಗಿ ಎಷ್ಟು ಹೇಳಿದರೂ ಅವರು ಕೇಳಲಿಲ್ಲ. "ಉಪಯೋಗಿಸದ ವಸ್ತು ಹೆಂಗ ಕೆಡತೈತಿ?" ಮಾಸ್ತರರ ತರ್ಕಕ್ಕೆ ವಿದ್ಯಾರ್ಥಿಗಳು ಎದುರಾಡುವ ಪದ್ಧತಿ ನಮ್ಮಲ್ಲಿಲ್ಲ.

ಗೀರು ಕಂಡದ್ದು ಒಂದು ರಾತ್ರಿ, ಟ್ಯೂಬ್‌ಲೈಟಿನ ಕೆಳಗೆ ಟ್ಯಾಬನ್ನು ಓರೆ ಹಿಡಿದಾಗ. ಒಂದಲ್ಲ ಎರಡಲ್ಲ, ಕೂದಲೆಳೆಯಂಥ ನೂರಾರು. ಮನೆಯಲ್ಲಿ ಗದ್ದಲವಾಯಿತು. ಹುಡುಗಿಯ ತಮ್ಮನೇ ಕಳ್ಳ ಎಂದು ತೀರ್ಪು ಬಂದು, ವೈನಿ ಅವನ ಕಿವಿ ಹಿಂಡಿಯೂ ಆಯಿತು. ಅವನು ಕ್ರಿಕೆಟ್ ಆಟದಲ್ಲಿ ಸಿಕ್ಸರ್ ಹೊಡೆಯಲು ಪರದೆಯನ್ನು ಗುದ್ದುವುದು ಎಲ್ಲರಿಗೂ ಗೊತ್ತಿದ್ದ ಸಂಗತಿ.

ಹುಡುಗಿ ಮಾತ್ರ ಬಹಳ ಹೊತ್ತು ನೋಡುತ್ತ ಕೂತಳು. "ಕಾಕಾ, ಬಡದು ಬಿದ್ದ ಗೀರು ಆಗಿದ್ರ ನೆಟ್ಟಗ ಇರಬೇಕಿತ್ತು. ಇವೆಲ್ಲ ಬಾಗ್ಯಾವ ನೋಡ್ರಿ." ನಿಜ. ಎಲ್ಲವೂ ಬಿಲ್ಲಿನ ಹಾಗೆ ಬಾಗಿದ್ದವು, ಒಂದರ ಒಳಗೊಂದು. ಮೊಣಕೈ ಊರಿ ಕೈಯಾಡಿಸಿದರೆ ಬರುವ ಗೆರೆಗಳು. ಒರೆಸಿದ ಗೆರೆಗಳು. ಅವು ಪರದೆಯ ಎಡ ಮೂಲೆಯನ್ನು ನಡುವಿಟ್ಟುಕೊಂಡು ತಿರುಗಿದ್ದವು. ನಮ್ಮ ಮನೆಯಲ್ಲಿ ಎಡಗೈಯವರು ಒಬ್ಬರೇ ಇದ್ದಾರೆ.

ಅವ್ವ ಪ್ರತಿದಿನ ಸಂಜೆ, ದೀಪ ಹಚ್ಚುವ ಮೊದಲು, ಟ್ಯಾಬನ್ನು ಕೌದಿಯಿಂದ ತೆಗೆದು ಒರೆಸುತ್ತಾಳೆ. ಹಾ ಎಂದು ಉಸಿರು ಬಿಟ್ಟು, ಸೆರಗಿನ ಚುಂಗಿನಿಂದ, ದುಂಡಗೆ, ಹೊಳೆಯುವ ತನಕ. ಆ ಸೆರಗು ಬೆಳಗಿನಿಂದ ಅಂಗಳ ಕಂಡಿರುತ್ತದೆ, ಕಟ್ಟೆ ಕಂಡಿರುತ್ತದೆ, ತರಕಾರಿ ಗಾಡಿಯ ಬದಿ ಸವರಿರುತ್ತದೆ. ಧಾರವಾಡ ಶಿಲಾಸಮೂಹದ ಒಂದು ಮಾದರಿ ಸಂಗ್ರಹ ಅದರ ದಡಿಯಲ್ಲಿ ಸದಾ ಸಿಗುತ್ತದೆ. ಅಂಗಡಿಯ ಹುಡುಗ ಕಟರಿನಿಂದ ಮಾಡಲಾಗದ್ದನ್ನು ಅವ್ವ ಅಕ್ಕರೆಯಿಂದ ಮಾಡಿದ್ದಳು.

ಹೇಳುವವರು ಯಾರು? ಆ ಚುಂಗಿನಿಂದ ಮೂಗು ಒರೆಸಿಸಿಕೊಳ್ಳದೆ ದೊಡ್ಡವರಾದವರು ಆ ಮನೆಯಲ್ಲಿ ಅಪ್ಪ ಮತ್ತು ವೈನಿ ಇಬ್ಬರೇ. ಅಪ್ಪನಿಗೆ ಧೈರ್ಯವಿಲ್ಲ, ವೈನಿಗೆ ಹುಚ್ಚಿಲ್ಲ. ತಮ್ಮನನ್ನು ಬಿಡುಗಡೆ ಮಾಡಿ, ತನಿಖೆಯನ್ನು ಅಲ್ಲಿಗೇ ಮುಚ್ಚಿದೆವು. ಹುಡುಗಿ ಕಾಯಿದೆ ಬಿಟ್ಟು ಉಪಾಯಕ್ಕೆ ಇಳಿದಳು. ಹುಬ್ಬಳ್ಳಿಯಿಂದ ಒಂದು ಮೈಕ್ರೋಫೈಬರ್ ಬಟ್ಟೆ ತಂದಳು. ನವಿರಾದ ನೀಲಿ ಬಟ್ಟೆ, ಧೂಳನ್ನು ಎಳೆಗಳ ಒಳಗೆ ಎತ್ತಿಕೊಳ್ಳುವಂಥದ್ದು. ಮೊದಲು ಧೂಳು ಝಾಡಿಸು, ಆಮೇಲೆ ಒತ್ತದೆ ಒರೆಸು, ಇದನ್ನು ಬೇರೆ ಯಾವುದಕ್ಕೂ ಮುಟ್ಟಿಸಬೇಡ ಎಂದು ಅವ್ವನಿಗೆ ಪಾಠ ಹೇಳಿ ಕೈಗೆ ಕೊಟ್ಟಳು. ಅವ್ವ ಅದನ್ನು ಕೆನ್ನೆಗೆ ಒತ್ತಿಕೊಂಡು ನೋಡಿದಳು. "ಬಾಳ ಚೊಲೋ ಐತೆವಾ," ಎಂದಳು.

ಮರುವಾರ ಬಟ್ಟೆ ಎಲ್ಲೂ ಕಾಣಲಿಲ್ಲ.

"ಆಯಿ, ಆ ನೀಲಿ ಅರಿವಿ ಎಲ್ಲಿ?"

"ಟ್ರಂಕಿನ್ಯಾಗ ಐತಿ. ಇಳಕಲ್ ಸೀರಿ ನಡುವ ಇಟ್ಟೀನಿ, ಗುಳಿಗಿ ಹಾಕಿ."

"ಅಯ್ಯ, ಅದು ಟ್ಯಾಬ್ ಒರಸಾಕ ತಂದಿದ್ದು!"

"ಅಷ್ಟು ಮೆತ್ತನ ಅರಿವಿ, ದಿನಾ ಒರಸಿದ್ರ ಸವದು ಹೋಗಂಗಿಲ್ಲೇನ?" ಎಂದು ಅವ್ವ ಎಡಗೈ ಚಾಚಿದಳು. "ತಾ ಇಲ್ಲೆ ಅದನ್ನ, ನೋಡು ಎಷ್ಟು ಧೂಳ ಕೂತೈತಿ."